ಗೀರು ಮುಚ್ಚುವುದು ಬೇರೆ, ತುಕ್ಕು ತಡೆಯುವುದು ಬೇರೆ

ಕಾರಿಗೆ ಪೇಂಟ್ ಮಾಡುವವರಿಗೆ ದಿನಾ ಕೇಳಿಬರುವ ಮಾತು ಒಂದಿದೆ: "ಸಣ್ಣ ಗೀರು ಅಷ್ಟೇ, ಮೇಲೆ ಸ್ವಲ್ಪ ಬಣ್ಣ ಹಚ್ಚಿಬಿಡಿ." ಹಚ್ಚಬಹುದು. ಗಾಡಿ ಶೆಡ್‌ನಿಂದ ಹೊರಡುವಾಗ ಚೆನ್ನಾಗಿಯೇ ಕಾಣುತ್ತದೆ. ಆದರೆ ಬಣ್ಣ ಇರುವುದು ಕಣ್ಣಿಗೆ. ತಗಡನ್ನು ಕಾಯುವುದು ಬಣ್ಣದ ಮೇಲೆ, ಕೆಳಗೆ ಇರುವ ಪದರಗಳು. ಹಾಗಾಗಿ ನಮ್ಮ ಹೊತ್ತು ಜಾಸ್ತಿ ಹೋಗುವುದು ಕೆಲಸ ಮುಗಿದ ಮೇಲೆ ಯಾರಿಗೂ ಕಾಣದ ಭಾಗಕ್ಕೆ.

ಈಗಿನ ಬಹಳಷ್ಟು ಕಾರುಗಳಲ್ಲಿ ಉಕ್ಕಿನ ತಗಡಿಗೆ ಮೊದಲು ಸತುವಿನ ಲೇಪ ಇರುತ್ತದೆ. ಅದರ ಮೇಲೆ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಹಾಯಿಸಿ ಕೂರಿಸಿದ, ತುಕ್ಕು ತಡೆಯುವ ಇ-ಕೋಟ್ ಎಂಬ ಪದರ. ಆಮೇಲೆ ಬಣ್ಣ ಹಿಡಿಯಲು ಪ್ರೈಮರ್, ಬಣ್ಣದ ಬೇಸ್ ಕೋಟ್, ಕೊನೆಗೆ ಹೊಳಪಿನ ಕ್ಲಿಯರ್ ಕೋಟ್. ಇಷ್ಟೆಲ್ಲ ಸೇರಿದರೂ ದಪ್ಪ ಸುಮಾರು 100ರಿಂದ 150 ಮೈಕ್ರಾನ್. ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಗೋಡೆಗೆ ಉಜ್ಜಿದರೆ ಇದೆಲ್ಲ ಕಿತ್ತುಬರಲು ಎಷ್ಟು ಹೊತ್ತು ಬೇಕು ಹೇಳಿ.

ಅದಕ್ಕೇ ಮೊದಲು ಗೀರು ಎಷ್ಟು ಆಳ ಇಳಿದಿದೆ ಅಂತ ನೋಡಬೇಕು. ಜಾಗ ತೊಳೆದು ನೀರು ಸವರಿ. ಒದ್ದೆ ಇರುವಾಗ ಗೀರು ಮಾಯವಾದರೆ ಅದು ಕ್ಲಿಯರ್ ಕೋಟ್‌ನಲ್ಲೇ ನಿಂತಿದೆ, ಪಾಲಿಶ್ ಸಾಕು. ಉಗುರು ಅಡ್ಡಕ್ಕೆ ಎಳೆದಾಗ ಸಿಕ್ಕಿಕೊಂಡರೆ ಪಾಲಿಶ್ ಒಂದರಿಂದ ಹೋಗುವುದು ಕಷ್ಟ. ಗೀರಿನ ತಳದಲ್ಲಿ ಬೇರೆ ಬಣ್ಣ, ಹೆಚ್ಚಾಗಿ ಬೂದು, ಕಂಡರೆ ಪ್ರೈಮರ್‌ವರೆಗೆ ಹೋಗಿದೆ. ಲೋಹ ಮಿನುಗಿದರೆ ತಡ ಮಾಡಬೇಡಿ. ಬಂಪರ್ ಪ್ಲಾಸ್ಟಿಕ್ ಆಗಿದ್ದರೆ ನಿಧಾನವಾಗಿ ಮಾಡಿಸಿ, ಅದು ತುಕ್ಕು ಹಿಡಿಯುವುದಿಲ್ಲ. ಬಾನೆಟ್ ಅಲ್ಯೂಮಿನಿಯಂ ಆಗಿದ್ದರೆ ಕೆಂಪು ತುಕ್ಕು ಬರುವುದಿಲ್ಲ, ಆದರೆ ಪೇಂಟ್ ಅಡಿಯಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಅದಕ್ಕೆ ಉಕ್ಕು ಉಜ್ಜಿದ ಸ್ಯಾಂಡ್ ಪೇಪರ್ ಬಳಸಬಾರದು.

ಈಗ ತುಕ್ಕಿನ ವಿಷಯ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಜಾಸ್ತಿ ಜಾಗ ಕೇಳುತ್ತದೆ. ಹಾಗಾಗಿ ಅದು ಗೀರಿನ ಅಂಚಿನಿಂದ ಒಳಕ್ಕೆ ಸರಿಯುತ್ತಾ ಪೇಂಟನ್ನು ಮೇಲಕ್ಕೆ ಎತ್ತುತ್ತದೆ. ಹೊರಗೆ ಕಾಣುವ ಕಂದು ಗೆರೆ ಸಣ್ಣದು, ಒಳಗೆ ಹರಡಿದ್ದು ಅದಕ್ಕಿಂತ ದೊಡ್ಡದು. ಆ ಗೆರೆಯನ್ನಷ್ಟೇ ಉಜ್ಜಿ ಬಿಟ್ಟರೆ ಏನೂ ಮಾಡಿದಂತಾಗಲಿಲ್ಲ. ಸುತ್ತ ಗಟ್ಟಿಯಾಗಿ ಹಿಡಿದಿರುವ ಪೇಂಟ್ ಸಿಗುವವರೆಗೂ ಬಿಡಿಸಬೇಕು.

ಉಜ್ಜುವ ಮೊದಲು ಮೇಣ, ಎಣ್ಣೆ, ಸಿಲಿಕೋನ್ ಒರೆಸಿ ತೆಗೆಯಿರಿ. ಇಲ್ಲದಿದ್ದರೆ ಸ್ಯಾಂಡ್ ಪೇಪರ್ ಅದನ್ನೆಲ್ಲ ಗೀರಿನೊಳಕ್ಕೆ ತಳ್ಳುತ್ತದೆ, ಆಮೇಲೆ ಪೇಂಟ್ ಹೊಡೆದಾಗ ಸಣ್ಣ ಸಣ್ಣ ಕುಳಿ ಬಿಟ್ಟುಕೊಂಡು ನಿಲ್ಲುತ್ತದೆ. 80 ನಂಬರಿನ ಒರಟು ಸ್ಯಾಂಡ್ ಪೇಪರ್‌ನಲ್ಲಿ ತುಕ್ಕು ತೆಗೆದು, 180, 320 ಅಂತ ನಯ ಮಾಡುತ್ತಾ ಪೇಂಟಿನ ಅಂಚನ್ನು ಇಳಿಜಾರು ಮಾಡಬೇಕು. ಬೆರಳು ಸವರಿದರೆ ಮೆಟ್ಟಿಲು ಸಿಗಬಾರದು.

ಈ ಹಂತದಲ್ಲಿ ಲೈಟ್ ಹತ್ತಿರ ಹಿಡಿದು ನೋಡಿ. ತಗಡು ಬೆಳ್ಳಗೆ ಹೊಳೆಯುತ್ತಿದ್ದರೂ ಮಧ್ಯೆ ಅಲ್ಲಲ್ಲಿ ಕಪ್ಪು ಚುಕ್ಕೆ ಕಾಣುತ್ತವೆ. ಸೂಜಿ ಮೊನೆಯಷ್ಟು ಸಣ್ಣವು. ಕೊಳೆ ಅಂದುಕೊಂಡು ಒರೆಸಿದರೆ ಹೋಗುವುದಿಲ್ಲ. ಅವು ತಗಡಿನೊಳಗೆ ಗುಂಡಿ ತೋಡಿಕೊಂಡು ಕೂತ ತುಕ್ಕು. ವಾಪಸ್ ಬರುವ ಗಾಡಿಗಳಲ್ಲಿ ಇವೇ ಮತ್ತೆ ತಲೆ ಎತ್ತಿರುತ್ತವೆ. ತಂತಿ ಬ್ರಷ್‌ನಿಂದ ಪೂರ್ತಿ ಹೋಗದಿದ್ದರೆ ಫಾಸ್ಫಾರಿಕ್ ಆಸಿಡ್ ಇರುವ ದ್ರಾವಣ ಹಚ್ಚುತ್ತೇವೆ. ಆದರೆ ಡಬ್ಬಿಯ ಮೇಲೆ ಹೇಳಿದಂತೆ ಅದನ್ನು ತೊಳೆದು, ಒಣಗಿಸಿಯೇ ಮುಂದಿನ ಕೆಲಸ. ಆಸಿಡ್ ಉಳಿದರೆ ಆಮೇಲೆ ತಗಡಿಗೆ ಹೊಡೆಯುವ, ನೀರು ತಡೆಯುವ ಎಪಾಕ್ಸಿ ಪ್ರೈಮರ್ ಸರಿಯಾಗಿ ಹಿಡಿಯುವುದಿಲ್ಲ.

ಬೆತ್ತಲೆ ತಗಡನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆವರಲ್ಲಿ ಉಪ್ಪಿರುತ್ತದೆ. ರಾತ್ರಿಯಿಡೀ ಹಾಗೇ ಬಿಡಲೂಬೇಡಿ. ಗಾಳಿಯಲ್ಲಿ ತೇವ ಇದ್ದರೆ ಬೆಳಗಾಗುವಷ್ಟರಲ್ಲಿ ಹಳದಿ ತಿರುಗಿರುತ್ತದೆ.

ಪುಟ್ಟಿ ಬಗ್ಗೆ ನನ್ನದು ಸ್ವಲ್ಪ ಹಠ. ಪಾಲಿಯೆಸ್ಟರ್ ಪುಟ್ಟಿಯನ್ನು ನೇರವಾಗಿ ತಗಡಿನ ಮೇಲೆ ಎಳೆಯುವವರು ಬಹಳ ಮಂದಿ ಇದ್ದಾರೆ, ಡಬ್ಬಿಯಲ್ಲೂ ಕೆಲವೊಮ್ಮೆ ಹಾಗೇ ಬರೆದಿರುತ್ತದೆ. ಆದರೆ ಪುಟ್ಟಿ ನೀರು ಹೀರುತ್ತದೆ. ನಾನು ಮೊದಲು ಎಪಾಕ್ಸಿ ಪ್ರೈಮರ್ ಹೊಡೆದು, ಅದು ಗಟ್ಟಿಯಾದ ಮೇಲೆ ಉಜ್ಜಿ, ಪುಟ್ಟಿ ಬೇಕಿದ್ದರಷ್ಟೇ ತೆಳ್ಳಗೆ ಎಳೆಯುತ್ತೇನೆ. ಆಗ ನೀರು ಒಳಗೆ ಹೋದರೂ ತಗಡು ಮುಟ್ಟುವ ಮೊದಲು ಒಂದು ತಡೆ ಇರುತ್ತದೆ. ಹೊತ್ತು ಹಿಡಿಯುತ್ತದೆ ನಿಜ.

ಉಳಿದದ್ದು ಸುಲಭ. ಬಣ್ಣದ ಕೋಡ್ ಹೆಚ್ಚಾಗಿ ಬಾಗಿಲ ಕಂಬದ ಸ್ಟಿಕರ್‌ನಲ್ಲೋ ಬಾನೆಟ್ ಕೆಳಗೋ ಸಿಗುತ್ತದೆ. ಬೇಸ್ ಕೋಟ್ ತೆಳ್ಳಗೆ, ಪದರ ಪದರವಾಗಿ, ನಡುವೆ ಆರಲು ಬಿಟ್ಟು ಹೊಡೆಯಿರಿ. ಮೇಲೆ ಕ್ಲಿಯರ್ ಬೇಕೇ ಬೇಕು, ಬೇಸ್ ಕೋಟ್ ಒಂದೇ ಬಿಸಿಲು ಮಳೆ ತಡೆಯುವುದಿಲ್ಲ. ಗಟ್ಟಿಯಾಗಲು ಹಾರ್ಡ್‌ನರ್ ಬೆರೆಸುವ ಕ್ಲಿಯರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದು ಆಸ್ತಮಾ ತರಿಸಬಲ್ಲದು. ಬಟ್ಟೆ ಮಾಸ್ಕ್ ಹಾಕಿಕೊಂಡು ಹೊಡೆಯುವ ಕೆಲಸ ಅದಲ್ಲ. ಹೊರಗಿನ ಗಾಳಿ ಒದಗಿಸುವ ಮಾಸ್ಕ್ ಇಲ್ಲದಿದ್ದರೆ ಅದನ್ನು ಮನೆಯಲ್ಲಿ ಮುಟ್ಟಲೇಬೇಡಿ.

ಗೀರೇ ಇಲ್ಲದ ಕಡೆ, ಬಾಗಿಲಿನ ಕೆಳ ಅಂಚಿನಲ್ಲಿ ಪೇಂಟ್ ಉಬ್ಬಿದೆಯಾ? ಅಲ್ಲಿ ಹೊರಗೆ ಎಷ್ಟು ಬಣ್ಣ ಹೊಡೆದರೂ ದಂಡ. ತುಕ್ಕು ಒಳಗಿನಿಂದ ಬರುತ್ತಿದೆ. ಗಾಜಿನ ಪಕ್ಕದಿಂದ ಇಳಿದ ನೀರು ಹೊರಗೆ ಹೋಗಲಿ ಅಂತ ಬಾಗಿಲ ಅಡಿಯಲ್ಲಿ ತೂತುಗಳಿರುತ್ತವೆ. ಮಣ್ಣು, ಎಲೆ ಸೇರಿ ಅವು ಕಟ್ಟಿಕೊಂಡರೆ ನೀರು ಮಡಿಚಿದ ತಗಡಿನ ಸಂದಿಯಲ್ಲೇ ನಿಲ್ಲುತ್ತದೆ. ಗಾಡಿ ತೊಳೆಯುವಾಗ ಒಂದು ಪ್ಲಾಸ್ಟಿಕ್ ಕಡ್ಡಿ ಹಾಕಿ ಬಿಡಿಸಿ. ಚೆನ್ನಾಗಿ ಒಣಗಿದ ಮೇಲೆ ಒಳಗೆ ಕ್ಯಾವಿಟಿ ವ್ಯಾಕ್ಸ್, ಅಂದರೆ ಟೊಳ್ಳು ಭಾಗಕ್ಕೆ ತುಕ್ಕು ಹಿಡಿಯದಂತೆ ಹೊಡೆಯುವ ಮೇಣ, ಹೊಡೆಸಿ. ಹೊಡೆದಾದ ಮೇಲೆ ತೂತುಗಳನ್ನು ಇನ್ನೊಮ್ಮೆ ನೋಡಿ, ಆ ವ್ಯಾಕ್ಸೇ ಕಟ್ಟಿಕೊಂಡಿರುವುದೂ ಉಂಟು.