ಸೋಗೆ ಹಳದಿಯಾಗುವ ಮೊದಲೇ

ಮೊನ್ನೆ ಬದಿಯಡ್ಕದ ನಮ್ಮ ತೋಟದಲ್ಲಿ ಒಂದು ಅಡಿಕೆ ಸಸಿಯ ಮುಂದೆ ಸುಮ್ನೆ ಕೂತಿದ್ದೆ. ಕೆಳಗಿನ ಸೋಗೆಯೆಲ್ಲ ಹಳದಿ, ನರದ ಪಕ್ಕ ಮಾತ್ರ ಹಸಿರು ಗೆರೆ. ಸುಳಿ ಚೆನ್ನಾಗಿಯೇ ಇತ್ತು.

"ನೀರು ಸಾಕಾಗಲಿಲ್ಲ ಮಾರಾಯ" ಅಂದರು ಅಪ್ಪ. ನನಗೆ ಅನುಮಾನ.

ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತಿನ ಪ್ರತಿ ಅಣುವಿನ ನಡುವೆ ಒಂದು ಮೆಗ್ನೀಶಿಯಂ ಕೂತಿರುತ್ತದೆ. ಅದು ಕಡಿಮೆಯಾದರೆ ಗಿಡ ಹಳೇ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡುತ್ತದೆ, ಹಾಗಾಗಿ ಹಳದಿ ಕೆಳಗಿನಿಂದ ಶುರು. ಕಬ್ಬಿಣ ಹಾಗಲ್ಲ, ಗಿಡದೊಳಗೆ ಸುಲಭಕ್ಕೆ ಓಡಾಡುವುದಿಲ್ಲ, ಅದರ ಕೊರತೆ ಎಳೇ ಎಲೆಯಲ್ಲೇ ಕಾಣುತ್ತದೆ. ನಮ್ಮ ಮುರ ಮಣ್ಣಿಗೆ (ಕೆಂಪು ಜಂಬಿಟ್ಟಿಗೆ ಮಣ್ಣು) ಈ ಮಳೆ ಬಿದ್ದರೆ ಮೆಗ್ನೀಶಿಯಂ ತೊಳೆದು ಹೋಗದೆ ಇರುತ್ತದಾ?

ತೊಂದರೆ ಏನೆಂದರೆ, ಕಣ್ಣಿಗೆ ಹಳದಿ ಕಾಣುವಾಗ ತಡವಾಗಿರುತ್ತದೆ. ಎಲೆಯನ್ನು ಸ್ವಲ್ಪ ಹೊತ್ತು ಕತ್ತಲಲ್ಲಿಟ್ಟು ಜೋರು ಬೆಳಕು ಬಿಟ್ಟರೆ, ಬಳಸಲಾಗದ ಬೆಳಕಿನಲ್ಲಿ ಚೂರನ್ನು ಪತ್ರಹರಿತ್ತು ಕೆಂಪಾಗಿ ವಾಪಸ್ ಬಿಡುತ್ತದೆ. 1931ರಲ್ಲೇ ಕೌಟ್ಸ್ಕಿ ಮತ್ತು ಹಿರ್ಷ್ ಎಂಬ ವಿಜ್ಞಾನಿಗಳು ಈ ಕೆಂಪು ಬೆಳಕು ಏರಿ ಇಳಿಯುವುದನ್ನು ಗಮನಿಸಿದ್ದರು. ಈಗ ಅದನ್ನು ಅಳೆಯುವ ಮೀಟರ್ ಇದೆ. ಎಲೆ ಬೆಳಕನ್ನು ಎಷ್ಟು ಚೆನ್ನಾಗಿ ಬಳಸಬಲ್ಲದು ಅಂತ ಅದು ಸೊನ್ನೆಯಿಂದ ಒಂದರೊಳಗಿನ ಅಂಕಿ ಕೊಡುತ್ತದೆ. ಆರೋಗ್ಯವಾದ ಎಲೆಗೆ 0.83ರ ಆಸುಪಾಸು ಬರುತ್ತದೆ, ಬಿಸಿಲಿಗೋ ಬರಕ್ಕೋ ಸೋತರೆ ಇಳಿಯುತ್ತದೆ. ಕೆರೆಯ ಪಾಚಿಯನ್ನೂ ಹೀಗೆ ನೋಡಬಹುದು, ಆದರೆ ಪಾಚಿಗೆ ಬರುವ ಅಂಕಿ ಆರೋಗ್ಯವಾಗಿದ್ದಾಗಲೂ ಸಾಮಾನ್ಯವಾಗಿ ಕಡಿಮೆಯೇ, ಎಲೆಯ ಅಳತೆಗೋಲು ಅಲ್ಲಿ ನಡೆಯುವುದಿಲ್ಲ. ಮತ್ತೆ ಮೀಟರ್ ಸುಸ್ತು ಅಂತ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಅದಕ್ಕೆ ಮಣ್ಣು ಪರೀಕ್ಷೆಯೇ ಬೇಕು.

ಸದ್ಯಕ್ಕೆ ಒಂದು ಸಸಿಗೆ ಮೆಗ್ನೀಶಿಯಂ ಇರುವ ಕಲ್ಲಿನ ಪುಡಿ ಡೊಲೊಮೈಟ್, ಪಕ್ಕದ್ದಕ್ಕೆ ಅಪ್ಪನ ನೀರು.