ವೆನಿಸ್: ಎಲ್ಲಿ ನಡೆಯಬೇಕು, ಎಲ್ಲಿ ದೋಣಿ ಹತ್ತಬೇಕು

ವೆನಿಸ್‌ನಲ್ಲಿ ರೂಮು ಹುಡುಕುವಾಗ ಬಾಡಿಗೆಗಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ: ಹತ್ತಿರದ ದೋಣಿ ನಿಲ್ದಾಣದಿಂದ ಬಾಗಿಲಿನವರೆಗೆ ಎಷ್ಟು ಸೇತುವೆ ದಾಟಬೇಕು? ಹಳೆಯ ಊರಿನೊಳಗೆ ಕಾರು, ಬಸ್ಸು ಬರುವುದಿಲ್ಲ. ಸೈಕಲ್ ಹೊಡೆಯುವುದಿರಲಿ, ತಳ್ಳಿಕೊಂಡು ಹೋಗಲೂ ಬಿಡುವುದಿಲ್ಲ. ಬಸ್ಸು, ಟ್ಯಾಕ್ಸಿಗಳೆಲ್ಲ ಪಿಯಾತ್ಸಾಲೆ ರೋಮಾದಲ್ಲೇ ನಿಲ್ಲುತ್ತವೆ, ರೈಲು ಸಾಂತಾ ಲೂಚಿಯಾದಲ್ಲಿ ಕೊನೆಗೊಳ್ಳುತ್ತದೆ. ಅಲ್ಲಿಂದ ಮುಂದೆ ಕಾಲು, ಇಲ್ಲವೇ ದೋಣಿ. ಊರಲ್ಲಿ 400ಕ್ಕೂ ಹೆಚ್ಚು ಸೇತುವೆಗಳಿವೆ, ಹೆಚ್ಚಿನವಕ್ಕೆ ಎರಡೂ ಕಡೆ ಮೆಟ್ಟಿಲು. 20 ಕಿಲೋ ಸೂಟ್‌ಕೇಸಿನ ಚಕ್ರ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಎತ್ತಿಕೊಂಡೇ ಹತ್ತಿಳಿಯಬೇಕು. ಮಂಡಿ ನೋವಿರುವ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು 1ನೇ ಲೈನಿನ ದೋಣಿ ನಿಲ್ದಾಣದಿಂದ ಸೇತುವೆಯೇ ಇಲ್ಲದೆ ತಲುಪುವ ರೂಮನ್ನು ಹಿಡಿಯುವುದು ಒಳ್ಳೆಯದು. ಬಾಡಿಗೆ ಸ್ವಲ್ಪ ಹೆಚ್ಚಾದರೂ ಆ ಹಣ ಸಾರ್ಥಕ.

ಖರ್ಚು ಉಳಿಸಲು ಮೆಸ್ತ್ರೆಯಲ್ಲಿ ಉಳಿಯುವವರು ಬಹಳ. ಅಲ್ಲಿಂದ ರೈಲಿನಲ್ಲಿ ಹತ್ತು-ಹನ್ನೆರಡು ನಿಮಿಷದ ದಾರಿ. ಆದರೆ ನಿಲ್ದಾಣದ ಹೆಸರು ನೋಡಿಕೊಳ್ಳಿ: 'ವೆನೆತ್ಸಿಯಾ ಮೆಸ್ತ್ರೆ' ನೆಲದ ಮೇಲಿನ ಊರು, 'ವೆನೆತ್ಸಿಯಾ ಸಾಂತಾ ಲೂಚಿಯಾ' ನೀರಿನ ನಡುವಿನದು. ದೂರದ ಕೆಲವು ರೈಲುಗಳು ಮೆಸ್ತ್ರೆಯಲ್ಲಿ ಮಾತ್ರ ನಿಂತು ಮುಂದೆ ಹೋಗುತ್ತವೆ, ಅಲ್ಲಿ ಇಳಿದು ರೈಲು ಬದಲಿಸಬೇಕಾಗುತ್ತದೆ.

ಇನ್ನು ವಾಪೊರೆತ್ತೊ, ಅಂದರೆ ಸಾರ್ವಜನಿಕ ದೋಣಿ. ಹಣ ಹೆಚ್ಚು ಪೋಲಾಗುವುದು ಇಲ್ಲೇ. ಒಂದು ಟಿಕೆಟ್‌ಗೆ 9.50 ಯೂರೊ, 75 ನಿಮಿಷ ನಡೆಯುತ್ತದೆ. 24 ಗಂಟೆಯ ಪಾಸ್ 25, 48ರದ್ದು 35, 72ರದ್ದು 45 ಯೂರೊ (ದರ ಆಗಾಗ ಏರುತ್ತದೆ, ಹೊರಡುವ ಮುನ್ನ ನೋಡಿಕೊಳ್ಳಿ). 24 ಗಂಟೆಯೊಳಗೆ ಮೂರು ಸಲ ಹತ್ತಿದರೆ ಪಾಸ್‌ನ ದುಡ್ಡು ಹುಟ್ಟಿತು. ಎರಡೇ ಸಲ ಎಂದಾದರೆ ಬಿಡಿ ಟಿಕೆಟ್ಟೇ ಅಗ್ಗ. 6ರಿಂದ 29 ವರ್ಷದೊಳಗಿನವರು 6 ಯೂರೊ ಕೊಟ್ಟು ರೋಲಿಂಗ್ ವೆನಿಸ್ ಕಾರ್ಡ್ ಮಾಡಿಸಿದರೆ 72 ಗಂಟೆಯ ಪಾಸ್ 27ಕ್ಕೆ ಸಿಗುತ್ತದೆ. ಯಾವ ಪಾಸ್ ಆದರೂ ಅದರ ಲೆಕ್ಕ ಶುರುವಾಗುವುದು ಕೊಂಡಾಗಲ್ಲ, ಮೊದಲ ಸಲ ಯಂತ್ರಕ್ಕೆ ತೋರಿಸಿದಾಗ. ಆದ್ದರಿಂದ ಮಧ್ಯಾಹ್ನ ಮೂರಕ್ಕೆ ಶುರು ಮಾಡಿ ಸಂಜೆ ಊರಿನ ದೊಡ್ಡ ಕಾಲುವೆಯಾದ ಗ್ರ್ಯಾಂಡ್ ಕೆನಾಲ್ ಸುತ್ತಿ, ಮರುದಿನ ಬೆಳಿಗ್ಗೆ ಮುರಾನೊ, ಬುರಾನೊ ದ್ವೀಪಗಳನ್ನು ಅದೇ 24 ಗಂಟೆಯ ಪಾಸ್‌ನಲ್ಲಿ ಮುಗಿಸಬಹುದು. ಪ್ರತಿ ಸಲ ಹತ್ತುವಾಗಲೂ ಪಾಸನ್ನು ಯಂತ್ರಕ್ಕೆ ಮುಟ್ಟಿಸಲೇಬೇಕು. ಪಾಸ್ ಇದ್ದೂ ಮುಟ್ಟಿಸದೆ ಹತ್ತಿದರೆ ದಂಡ ಬೀಳಬಹುದು. ಮೂರೂ ಅಳತೆ ಕೂಡಿಸಿ 150 ಸೆಂಟಿಮೀಟರ್ ದಾಟದ ಒಂದು ಬ್ಯಾಗಿಗೆ ಬೇರೆ ಹಣ ಕೊಡಬೇಕಿಲ್ಲ.

1ನೇ ಲೈನ್ ಗ್ರ್ಯಾಂಡ್ ಕೆನಾಲಿನ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುತ್ತದೆ, ಪಿಯಾತ್ಸಾಲೆ ರೋಮಾದಿಂದ ಸಾನ್ ಮಾರ್ಕೊಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಅವಸರವಿದ್ದರೆ 2ನೇ ಲೈನ್, ಅದರ ನಿಲ್ದಾಣ ಕಡಿಮೆ. ಬುರಾನೊಗೆ ಊರಿನ ಉತ್ತರ ದಂಡೆಯ ಫೊಂದಮೆಂತೆ ನೊವೆಯಿಂದ 12ನೇ ಲೈನ್. ಹಗಲಲ್ಲಿ ಅದು ತುಂಬಿ ತುಳುಕುತ್ತದೆ, ಬೆಳಿಗ್ಗೆ ಒಂಬತ್ತರೊಳಗೆ ಹೊರಟರೆ ಕೂರಲು ಜಾಗ ಸಿಕ್ಕೀತು. ಹೊಸಬರು ತಪ್ಪು ಮಾಡುವುದು ದಿಕ್ಕಿನಲ್ಲಿ. ಒಂದೇ ನಂಬರಿನ ದೋಣಿ ಎರಡೂ ಕಡೆಗೆ ಹೋಗುತ್ತದೆ, ಸಣ್ಣ ನಿಲ್ದಾಣಗಳಲ್ಲಿ ಎರಡೂ ಒಂದೇ ತೇಲುವ ಕಟ್ಟೆಗೆ ಬಂದು ನಿಲ್ಲಬಹುದು. ಹತ್ತುವ ಮೊದಲು ಹಗ್ಗ ಕಟ್ಟುವ ಸಿಬ್ಬಂದಿಯನ್ನು ನೀವು ಇಳಿಯುವ ಜಾಗದ ಹೆಸರು ಹೇಳಿ, "ರಿಯಾಲ್ತೊ?" ಎಂಬಂತೆ, ಕೇಳಿಬಿಡಿ, ಅಷ್ಟು ಸಾಕು. ಸಾನ್ ಜಕ್ಕಾರಿಯಾದಂಥ ದೊಡ್ಡ ನಿಲ್ದಾಣದಲ್ಲಿ ಕಟ್ಟೆಗಳು ಹಲವು, ಅವಕ್ಕೆ ಅಕ್ಷರಗಳಿವೆ. ಫಲಕದಲ್ಲಿ ನಿಮ್ಮ ಲೈನಿನ ಅಕ್ಷರ ಹುಡುಕಿಕೊಂಡು ಹೋಗಿ.

ವಿಮಾನ ನಿಲ್ದಾಣದಿಂದ ಬರುವ ಅಲಿಲಗೂನಾ ದೋಣಿ ಬೇರೆ ಕಂಪನಿಯದು, ಅದರಲ್ಲಿ ಈ ಪಾಸ್ ನಡೆಯುವುದಿಲ್ಲ. ಪಿಯಾತ್ಸಾಲೆ ರೋಮಾವರೆಗೆ ಬಸ್ಸೇ ಬೇಗ.

ಗ್ರ್ಯಾಂಡ್ ಕೆನಾಲ್ ಮೇಲಿರುವುದು ನಾಲ್ಕೇ ಸೇತುವೆ. ನಕ್ಷೆಯಲ್ಲಿ ಎದುರಿಗೇ ಕಾಣುವ ಜಾಗಕ್ಕೆ ಇಪ್ಪತ್ತು ನಿಮಿಷ ಸುತ್ತಬೇಕಾಗುವುದು ಇದಕ್ಕೇ. ಸಾಂತಾ ಸೋಫಿಯಾ, ಸಾನ್ ತೊಮಾದಂಥ ಕಡೆ ತ್ರಗೆತ್ತೊ ಎಂಬ ಗೊಂಡೊಲಾ ಮಾದರಿಯ ದೋಣಿ ಈ ದಡದಿಂದ ಆ ದಡಕ್ಕೆ 2 ಯೂರೊಗೆ ದಾಟಿಸುತ್ತದೆ. ಚಿಲ್ಲರೆ ಇಟ್ಟುಕೊಂಡಿರಿ. ಗೊಂಡೊಲಾದಲ್ಲಿ ಕೂರುವ ಆಸೆಯಷ್ಟೇ ಇದ್ದು, ಹಗಲಿನ ಅರ್ಧ ಗಂಟೆಗೆ 90 ಯೂರೊ ಕೊಡಲು ಮನಸ್ಸಿಲ್ಲದಿದ್ದರೆ ಇದೇ ಸಾಕು. ಆ 90 ಇಡೀ ದೋಣಿಗೆ, ತಲೆಗೆ ಇಷ್ಟೆಂದಲ್ಲ. ಐದು ಜನ ಹಂಚಿಕೊಂಡರೆ ತಲಾ 18.

ಇಲ್ಲಿನ ವಿಳಾಸದಲ್ಲಿ ಬೀದಿಯ ಹೆಸರಿರುವುದು ಅಪರೂಪ. ಊರನ್ನು ಆರು ಸೆಸ್ತಿಯೆರೆಗಳಾಗಿ, ಅಂದರೆ ಭಾಗಗಳಾಗಿ ಹಂಚಿ, ಒಂದೊಂದರಲ್ಲೂ ಮನೆಗಳಿಗೆ ಸಾಲಾಗಿ ಸಾವಿರಗಟ್ಟಲೆ ನಂಬರ್ ಕೊಟ್ಟಿದ್ದಾರೆ. 'ಕಾಸ್ತೆಲ್ಲೊ 4500' ಎಂದರೆ ಪೋಸ್ಟ್‌ಮನ್‌ಗೆ ಗೊತ್ತು, ನಿಮಗಲ್ಲ. ರೂಮಿನವರಿಂದ ಓಣಿಯ ಹೆಸರು, ಹತ್ತಿರದ ಚರ್ಚು, ಇಳಿಯುವ ನಿಲ್ದಾಣ ಮೂರನ್ನೂ ಬರೆಸಿಕೊಳ್ಳಿ. ಎತ್ತರದ ಗೋಡೆಗಳ ನಡುವೆ ಫೋನಿನ ಜಿಪಿಎಸ್ ದಾರಿ ತಪ್ಪಿಸುತ್ತದೆ. ಓಣಿ ಹಿಡಿದು ಹೋದರೆ ಸೇತುವೆಯಿಲ್ಲದ ಕಾಲುವೆ ಎದುರಾಗುವುದೂ ಉಂಟು. ಅಂಥಲ್ಲಿ ಗೋಡೆಯ ಮೇಲಿನ ಹಳದಿ ಫಲಕಗಳನ್ನೇ ನಂಬಿ: 'ಪೆರ್ ರಿಯಾಲ್ತೊ', 'ಪೆರ್ ಸಾನ್ ಮಾರ್ಕೊ', ರೈಲು ನಿಲ್ದಾಣಕ್ಕೆ 'ಅಲ್ಲಾ ಫೆರೊವಿಯಾ'.

ಒಂದು ದಿನಕ್ಕಷ್ಟೇ ಬಂದು ಹೋಗುವವರಿಗೆ 2024ರ ಏಪ್ರಿಲ್ 25ರಿಂದ, ಗೊತ್ತುಪಡಿಸಿದ ದಿನಗಳಲ್ಲಿ ಪ್ರವೇಶ ಶುಲ್ಕವಿದೆ. ಮುಂಚೆಯೇ ಕಟ್ಟಿದರೆ 5 ಯೂರೊ, 2025ರಿಂದ ತಡ ಮಾಡಿದವರಿಗೆ 10. ರಾತ್ರಿ ಉಳಿಯುವವರಿಗೆ ಶುಲ್ಕವಿಲ್ಲ, ಆದರೂ ವಿನಾಯಿತಿಯ ಕ್ಯೂಆರ್ ಕೋಡ್ ಆನ್‌ಲೈನ್‌ನಲ್ಲಿ ಪಡೆದಿರಬೇಕು. ದಿನಗಳ ಪಟ್ಟಿ ವರ್ಷ ವರ್ಷಕ್ಕೆ ಬದಲಾಗುತ್ತದೆ.

ಅಕ್ಟೋಬರಿನಿಂದ ಚಳಿಗಾಲ ಮುಗಿಯುವವರೆಗೆ ಹೋಗುವವರು ಉಬ್ಬರದ ಮುನ್ಸೂಚನೆ ನೋಡುತ್ತಿರಬೇಕು. ಅದರಲ್ಲಿ 100 ಸೆಂಟಿಮೀಟರ್ ಎಂದಿದ್ದರೆ ರಸ್ತೆಯಲ್ಲಿ ಸೊಂಟಮಟ್ಟ ನೀರು ಎಂದಲ್ಲ. ಅದು ಸಮುದ್ರಮಟ್ಟದ ಹಳೆಯ ಗುರುತಿನಿಂದ ಅಳೆದ ಎತ್ತರ. ಊರಲ್ಲೇ ತಗ್ಗಾದ ಸಾನ್ ಮಾರ್ಕೊ ಚೌಕಕ್ಕೆ 80ರ ಆಸುಪಾಸಿನಲ್ಲಿ ನೀರು ಬರತೊಡಗುತ್ತದೆ. 2020ರಿಂದ ಕೆಲಸ ಮಾಡುತ್ತಿರುವ ಮೊಸೆ ತಡೆಗೋಡೆಗಳನ್ನು ಸಾಮಾನ್ಯವಾಗಿ 110ರ ಮುನ್ಸೂಚನೆ ಇದ್ದಾಗ ಎತ್ತುತ್ತಾರೆ, ಹಾಗಾಗಿ ಅದಕ್ಕಿಂತ ಕೆಳಗಿನ ಉಬ್ಬರದಲ್ಲಿ ಚೌಕ ಇನ್ನೂ ನೆನೆಯುತ್ತದೆ. ಗಾಬರಿ ಬೇಡ, ಕೆಲವು ಗಂಟೆಯಲ್ಲಿ ನೀರು ಇಳಿದುಹೋಗುತ್ತದೆ. ಆದರೆ ನೀರು ಏರಿದಾಗ ಕೆಲವು ಸೇತುವೆಗಳ ಕೆಳಗೆ ವಾಪೊರೆತ್ತೊ ನುಸುಳಲಾರದು, ಆಗ ದೋಣಿಗಳು ಸುತ್ತುಬಳಸಿ ಹೋಗುತ್ತವೆ. ಅಂಥ ದಿನ ರೈಲು, ವಿಮಾನ ಹಿಡಿಯುವುದಿದ್ದರೆ ಒಂದು ಗಂಟೆ ಮುಂಚೆಯೇ ರೂಮು ಬಿಡಿ.