ಎಡಗಡೆ ಡಬ್ಬಿಯ ತಂಬೂರಿ

ನಮ್ಮ ಮನೆಯ ಹಾಲ್‌ನಲ್ಲಿ ಸ್ಟ್ಯಾಂಡ್ ಮೇಲೆ ಕೂತಿರುವ ಸ್ಪೀಕರ್‌ಗಳನ್ನು ನೋಡಿದವರೆಲ್ಲ ಮೊದಲು ಕೇಳುವುದು ಒಂದೇ ಮಾತು: "ಇಷ್ಟೇನಾ?" ಎತ್ತರ ಒಂದು ಅಡಿ. ಅಗಲ ಒಂದು ಗೇಣಿಗೂ ಕಡಿಮೆ. ಮೈಗೆ ತೇಗದ ವೀನಿಯರ್, ಮುಖಕ್ಕೆ ಕಪ್ಪು ಬಟ್ಟೆ. ಹೆಸರು ಎಲ್‌ಎಸ್ 3/5ಎ. ರೋಜರ್ಸ್ ಕಂಪನಿ ಮಾಡಿದ್ದು, ಮೊದಲ ಕಾಲದ 15 ಓಮ್‌ ಬಗೆಯದು. ನನಗಿಂತ ಸ್ವಲ್ಪವೇ ಚಿಕ್ಕ ವಯಸ್ಸು ಅದಕ್ಕೆ. ಇಂಗ್ಲೆಂಡಿಗೆ ಬಂದು ನೆಲೆಸಿದ ಮೇಲೆ, ಕೆಂಟ್ ಕಡೆಯ ಒಬ್ಬ ನಿವೃತ್ತ ಸೌಂಡ್ ಎಂಜಿನಿಯರ್ ಹತ್ತಿರ ಕೊಂಡುಕೊಂಡೆ. ಒಂದೇ ನಂಬರಿನ ಎ ಮತ್ತು ಬಿ, ಅಂದರೆ ಫ್ಯಾಕ್ಟರಿಯಿಂದ ಜೊತೆಯಾಗಿಯೇ ಹೊರಟ ಜೋಡಿ.

ಬಿಬಿಸಿ ಇದನ್ನು ಮನೆಮಂದಿಗೆ ಮಾರೋಣ ಅಂತ ರೂಪಿಸಿದ್ದಲ್ಲ. ತನ್ನ ಕೆಲಸಕ್ಕೆ ಮಾಡಿಕೊಂಡಿದ್ದು. 1970ರ ದಶಕದ ಮೊದಲ ವರ್ಷಗಳು. ಸ್ಟುಡಿಯೊ ಬಿಟ್ಟು ಹೊರಗೆ ಹೋಗಿ ಕಾರ್ಯಕ್ರಮ ಪ್ರಸಾರ ಮಾಡುವ ವ್ಯಾನುಗಳಲ್ಲಿ ದೊಡ್ಡ ಸ್ಪೀಕರ್ ಇಡಲು ಜಾಗವೇ ಇರುತ್ತಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ದನಿಯ ಗುಣ ತೂಗುವುದು ಸರಿ ಬರುತ್ತಿರಲಿಲ್ಲ. ಅದೇ ಹೊತ್ತಿಗೆ ಅವರ ಸಂಶೋಧನಾ ವಿಭಾಗದಲ್ಲಿ ಇನ್ನೊಂದು ಪ್ರಯೋಗ ನಡೆಯುತ್ತಿತ್ತು. ಸ್ಟುಡಿಯೊಗಳ ಎಂಟನೇ ಒಂದು ಭಾಗದಷ್ಟು ಅಳತೆಯ ಮಾದರಿ ಮಾಡಿ, ಅದರೊಳಗೆ ಸದ್ದು ಹೇಗೆ ಹರಡುತ್ತದೆ ಅಂತ ನೋಡುವ ಪ್ರಯೋಗ. ಆ ಪುಟ್ಟ ಕೋಣೆಗೆ ಅಂತ ಮಾಡಿದ ಪುಟ್ಟ ಸ್ಪೀಕರ್ ಅವರಿಗೇ ಆಶ್ಚರ್ಯ ಆಗುವಷ್ಟು ಚೆನ್ನಾಗಿತ್ತು. ಅಲ್ಲಿಂದ ಹುಟ್ಟಿದ್ದು ಇದು. ಹೆಸರಿನ ಮೊದಲ ಅಂಕಿ 3 ಅಂದರೆ ಹೊರಾಂಗಣ ಪ್ರಸಾರದ್ದು ಅಂತ ಲೆಕ್ಕ, ಸ್ಟುಡಿಯೊದ್ದಾದರೆ ಆ ಜಾಗದಲ್ಲಿ 5 ಇರುತ್ತಿತ್ತು.

ಎಚ್. ಡಿ. ಹಾರ್ವುಡ್ ಮತ್ತು ಇಬ್ಬರು ಸಹೋದ್ಯೋಗಿಗಳು 1976ರಲ್ಲಿ ಇದರ ಬಗ್ಗೆ ವರದಿ ಬರೆದರು. ಲೈಸೆನ್ಸ್ ಪಡೆದ ರೋಜರ್ಸ್, ಚಾರ್ಟ್‌ವೆಲ್, ಆಡಿಯೊಮಾಸ್ಟರ್, ಸ್ಪೆಂಡರ್, ಹಾರ್ಬೆತ್ ಮುಂತಾದ ಕಂಪನಿಗಳು ಇದನ್ನು ವರ್ಷಗಟ್ಟಲೆ ಮಾಡಿದವು. ಯಾರು ಮಾಡಿದರೂ ಬಿಬಿಸಿಯ ಅಳತೆಗೆ ಸರಿಹೊಂದಲೇಬೇಕಿತ್ತು. ನನಗೆ ಈ ಡಬ್ಬಿಯ ಮೇಲೆ ಇಷ್ಟು ಮಮತೆ ಇರುವುದಕ್ಕೆ ಆ ಹಟವೇ ಕಾರಣ.

ಅಪ್ಪ ಕಳೆದ ಬೇಸಿಗೆಯಲ್ಲಿ ಧಾರವಾಡದಿಂದ ಇಲ್ಲಿ ರೆಡಿಂಗ್‌ಗೆ ಬಂದಿದ್ದರು. ಅವರು ಸುಭಾಸ ರೋಡಿನ ಒಂದು ರೇಡಿಯೊ ರಿಪೇರಿ ಅಂಗಡಿಯಲ್ಲಿ ದುಡಿದವರು. ವಾಲ್ವ್ ರೇಡಿಯೊ ಕಾಲದಲ್ಲಿ ಕೆಲಸ ಕಲಿತು, ಟ್ರಾನ್ಸಿಸ್ಟರ್ ಕಾಲದಲ್ಲಿ ಸಂಸಾರ ಸಾಗಿಸಿದವರು. ಈಗ ಕೈ ಸ್ವಲ್ಪ ನಡುಗುತ್ತದೆ. ಕಿವಿ ಮಾತ್ರ ಹಾಗೇ ಇದೆ.

ಅವರು ಬರುವ ಕೆಲವು ವಾರಗಳ ಮುಂಚಿನಿಂದ ನನಗೆ ಒಂದು ಅನುಮಾನ ಇತ್ತು. ಹಾಡುವವರ ದನಿ ಯಾಕೋ ನಡುವೆ ನಿಲ್ಲುತ್ತಿರಲಿಲ್ಲ, ಬಲಕ್ಕೆ ವಾಲುತ್ತಿತ್ತು. ಹತ್ತಿರದ ಒಂದು ರಿಪೇರಿ ಅಂಗಡಿಗೆ ಒಯ್ದಿದ್ದೆ. ಅಲ್ಲಿ ಕೌಂಟರ್ ಮೇಲಿಟ್ಟು ಎರಡು ನಿಮಿಷ ಹಾಡು ಹಾಕಿ, "ಟ್ವೀಟರ್ ಹೋಗಿದೆ, ಹೊಸ ಸ್ಪೀಕರ್ ತಗೊಳ್ಳಿ" ಅಂದರು. ಬಿಚ್ಚಿ ನೋಡಲೂ ಇಲ್ಲ. ಟ್ವೀಟರ್ ಅಂದರೆ ಸ್ಪೀಕರ್‌ನಲ್ಲಿ ಮೇಲಿನ ಸಣ್ಣ ಸದ್ದುಗಳನ್ನು ಹೊರಡಿಸುವ ಭಾಗ. ಇದರದು ಕೆಇಎಫ್ ಕಂಪನಿಯ ಟಿ27. ಮುಕ್ಕಾಲು ಇಂಚಿನ ಸಣ್ಣ ಗುಮ್ಮಟ, ಅದರ ಮೇಲೆ ತೂತು ತೂತಿನ ಲೋಹದ ಜಾಲರಿ. ಕೆಇಎಫ್ ಅದನ್ನು ಮಾಡುವುದು ನಿಲ್ಲಿಸಿ ಎಷ್ಟೋ ವರ್ಷ ಆಯಿತು. ಫಾಲ್ಕನ್ ಅನ್ನುವ ಇಂಗ್ಲೆಂಡಿನದೇ ಕಂಪನಿ ಹಳೆಯದರ ಹಾಗೇ ಹೊಸದು ಮಾಡುತ್ತದೆ. ಅದನ್ನು ಶುರು ಮಾಡಿದ ಮಾಲ್ಕಮ್ ಜೋನ್ಸ್ ಅವರೇ ಹಿಂದೆ ಕೆಇಎಫ್‌ನಲ್ಲಿದ್ದಾಗ ಟಿ27 ರೂಪಿಸಿದವರು. ಹಾಗಾಗಿ ದಾರಿ ಇಲ್ಲ ಅಂತಲ್ಲ. ಆದರೆ ಜೊತೆಯಾಗಿ ಹುಟ್ಟಿದ್ದನ್ನು ಬೇರೆ ಮಾಡಲು ಮನಸ್ಸು ಒಪ್ಪಲಿಲ್ಲ.

ಅಪ್ಪನಿಗೆ ಇದನ್ನೆಲ್ಲ ಹೇಳಿರಲಿಲ್ಲ. ಬಂದು ಸುಧಾರಿಸಿಕೊಳ್ಳಲಿ ಅಂತ ಸುಮ್ಮನಿದ್ದೆ. ಒಂದು ಶನಿವಾರ ಬೆಳಿಗ್ಗೆ ಚಹಾ ಕುಡಿಯುತ್ತಾ ಗಂಗೂಬಾಯಿ ಹಾನಗಲ್ ಅವರ ಹಳೇ ಧ್ವನಿಮುದ್ರಣ ಹಾಕಿದೆ. ತಂಬೂರಿ ಶುರುವಾಯಿತು. ಆಲಾಪ ಇನ್ನೂ ಬಂದಿರಲಿಲ್ಲ. ಅಪ್ಪ ಕಪ್ಪು ಕೆಳಗಿಟ್ಟರು.

"ಎಡಗಡೆ ಡಬ್ಬಿಗೆ ಏನಾಗೈತಿ? ತಂಬೂರಿ ಸತ್ತೈತಲ್ಲೋ."

"ಕೇಳಸ್ತೈತಲ್ಲ ಅಪ್ಪಾ."

"ಬರೇ ಗುಂಯ್ ಅನ್ನಾಕತ್ತೈತಿ. ಜವಾರಿ ಎಲ್ಲೈತಿ?"

ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ, ಒಂದು ಎಳೆ ದಾರ ಇಡುತ್ತಾರೆ. ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ ತಂತಿ ಹೊಳಪಿನಿಂದ ಝೇಂಕರಿಸತೊಡಗುತ್ತದೆ. ಅದೇ ಜವಾರಿ. ತಂತಿಯ ಮೂಲ ಸ್ವರ ತೀರ ಕೆಳಗಿನದು. ಝೇಂಕಾರ ಇರುವುದು ಅದರ ಮೇಲಿನ ಸ್ವರಾಂಶಗಳಲ್ಲಿ, ಒಂದರ ಮೇಲೊಂದು ಏರುತ್ತಾ ಹೋಗುವ ಸಣ್ಣ ಸಣ್ಣ ಸದ್ದುಗಳಲ್ಲಿ. ಸ್ಪೀಕರ್‌ನಲ್ಲಿ ಆ ಮೇಲಿನ ಪಾಲು ಬರುವುದು ಟ್ವೀಟರಿನಿಂದ. ಟ್ವೀಟರ್ ಸುಮ್ಮನಾದರೂ ಹಾಡು ಕೇಳಿಸುತ್ತದೆ, ತಬಲಾ ಕೇಳಿಸುತ್ತದೆ, ಆದರೆ ತಂಬೂರಿಯ ಹೊಳಪು ಹೋಗಿಬಿಡುತ್ತದೆ. ಅಂಗಡಿಯವರು ಹಾಕಿದ್ದ ಅಬ್ಬರದ ಹಾಡಿಗಿಂತ ಈ ಪರೀಕ್ಷೆ ಎಷ್ಟು ಚೊಕ್ಕ ನೋಡಿ.

ಆ ಮುದ್ರಣ ಮೋನೊ. ಅಂದರೆ ಎರಡೂ ಡಬ್ಬಿ ಒಂದೇ ಮಾತು ಆಡಬೇಕು. ಜೋಡಿ ಸರಿಯಾಗಿದ್ದರೆ ಎರಡೂ ಮಾಯವಾಗಿ, ನಡುವಿನ ಖಾಲಿ ಜಾಗದಲ್ಲಿ ಹಾಡುವವರು ಕೂತಿರುತ್ತಾರೆ. ಈ ಸ್ಪೀಕರ್ ಇಟ್ಟುಕೊಂಡವರೆಲ್ಲ ಕಣ್ಣರಳಿಸಿ ಹೇಳುವ ಅನುಭವ ಇದು. ನಮ್ಮ ಕಡೆಯವರು ಯಾರಾದರೂ ಹಳೇ ಸ್ಪೀಕರ್ ಕೊಳ್ಳುವುದಿದ್ದರೆ ಒಂದು ಮಾತು: ಮೊದಲು ಮೋನೊ ಮುದ್ರಣ ಹಾಕಿ ನೋಡಿ. ಸ್ಟೀರಿಯೊದಲ್ಲಿ ತಪ್ಪು ಅಡಗಿಕೊಳ್ಳುತ್ತದೆ.

ಅಪ್ಪ ನೇರ ಕೆಲಸಕ್ಕೆ ಇಳಿದರು. ಮೊದಲು ಆಂಪ್ಲಿಫೈಯರ್ ಹಿಂದಿನ ವೈರ್ ಅದಲುಬದಲು ಮಾಡಿಸಿದರು. ತೊಂದರೆ ಎಡಗಡೆ ಡಬ್ಬಿಯಲ್ಲೇ ಉಳಿಯಿತು. ಹಾಗಾದರೆ ಆಂಪ್ಲಿಫೈಯರ್ ಸರಿ ಇದೆ. ಆಮೇಲೆ ನನ್ನ ಮಗಳ ಡ್ರಾಯಿಂಗ್ ಹಾಳೆ ತರಿಸಿ ಕೊಳವೆ ಸುತ್ತಿದರು. ಒಂದು ತುದಿ ಟ್ವೀಟರ್ ಎದುರಿಗೆ, ಇನ್ನೊಂದು ಕಿವಿಗೆ. ಕಣ್ಣು ಮುಚ್ಚಿ ಕೇಳಿದರು. "ಪೂರಾ ಹೋಗಿಲ್ಲ. ಒಮ್ಮೆ ಬರತೈತಿ, ಒಮ್ಮೆ ಹೋಗತೈತಿ. ಕಾಯಿಲ್ ಕಡಿದಿದ್ರ ಹಿಂಗ ಮಾಡೂದಿಲ್ಲ." ನನಗೆ ಹೋದ ಜೀವ ಬಂದಂತಾಯಿತು.

ಊಟದ ಮೇಜಿನ ಮೇಲೆ ಕಂಬಳಿ ಹಾಸಿ ಡಬ್ಬಿ ಮಲಗಿಸಿದೆವು. ನನ್ನ ಹೆಂಡತಿ ತಟ್ಟೆಗಳನ್ನೆಲ್ಲ ಎತ್ತಿಟ್ಟು, "ಮಾವಾರ, ಟೇಬಲ್ ಸುಡಬ್ಯಾಡ್ರಿ ಮತ್ತ" ಅಂತ ಹೇಳಿ ಲ್ಯಾಂಪ್ ಹಿಡಿದು ಪಕ್ಕದಲ್ಲೇ ನಿಂತಳು. ಹಿಂದಿನ ಹಲಗೆಗೆ ಸ್ಕ್ರೂ ಇವೆ. ಬಿಚ್ಚುವ ಮುಂಚೆ ಅಪ್ಪ ಗೆಣ್ಣಿನಿಂದ ಡಬ್ಬಿಯ ಪಕ್ಕೆ ತಟ್ಟಿದರು. ದಪ್ಪಗೆ, ಚುಟುಕಾಗಿ ಸದ್ದು ಬಂತು. ಇನ್ನೊಮ್ಮೆ ತಟ್ಟಿದರು. "ಹಲಗಿ ತೆಳ್ಳಗೈತಿ, ಆದ್ರೂ ಗಂಟಿಹಂಗ ಬಾರಿಸೂದಿಲ್ಲ. ಒಳಗ ಏನೋ ಹಚ್ಯಾರ."

ಹೌದು, ಹಚ್ಚಿದ್ದಾರೆ. ಬರ್ಚ್ ಪ್ಲೈವುಡ್‌ನ ಗೋಡೆಗಳ ಒಳಮೈಗೆ ಡಾಂಬರಿನಂಥ ಬಿಟುಮೆನ್ ಹಾಳೆ, ಅದರ ಮೇಲೆ ಫೋಮ್. ಮೂಲೆಗಳಿಗೆ ಕೊಟ್ಟ ಮರದ ಪಟ್ಟಿ ಬೀಚ್ ಮರದ್ದೇ ಇರಬೇಕು ಅಂತ ಬಿಬಿಸಿ ನಿಯಮ ಮಾಡಿತ್ತು. ಪರಾನಾ ಪೈನ್ ಹಾಕಿದ ಡಬ್ಬಿಗಳಲ್ಲಿ ದನಿಗೆ ಬೇರೆಯದೇ ಬಣ್ಣ ಬಂದಿದ್ದನ್ನು ಅವರು ಕಿವಿಯಿಂದಲೇ ಗುರುತಿಸಿದ್ದರು. ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದ ಪಟ್ಟಿ! ಅದಕ್ಕೂ ಇಷ್ಟು ಕಾಳಜಿ. ಮುಂದೆ ಟ್ವೀಟರ್ ಸುತ್ತ ದಪ್ಪ ಫೆಲ್ಟ್ ಬಟ್ಟೆಯ ಪಟ್ಟಿಗಳಿವೆ. ಚೌಕಟ್ಟಿನ ಅಂಚಿಗೆ ಬಡಿದು ಸದ್ದು ಚೆದುರದಿರಲಿ ಅಂತ. ಮುಖದ ಬಟ್ಟೆಯನ್ನೂ ಲೆಕ್ಕಕ್ಕೆ ಹಿಡಿದೇ ಇದನ್ನು ರೂಪಿಸಿದ್ದಾರೆ. ಬಟ್ಟೆ ತೆಗೆದು ಕೇಳುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ.

ಫೋಮ್ ಸರಿಸಿದರೆ ಕ್ರಾಸ್‌ಓವರ್ ಬೋರ್ಡ್ ಕಾಣಿಸಿತು. ಕೆಳಗಿನ ಸದ್ದನ್ನು ಕೋನ್‌ಗೂ ಮೇಲಿನದನ್ನು ಟ್ವೀಟರಿಗೂ ಹಂಚಿಕೊಡುವುದು ಇದೇ. ಹೆಸರು ಎಫ್‌ಎಲ್ 6/23. ಈಗಿನ ಎಷ್ಟೋ ದೊಡ್ಡ ಸ್ಪೀಕರ್‌ಗಳಲ್ಲೂ ಇಷ್ಟು ಸಾಮಾನು ಇರುವುದಿಲ್ಲ. ಕಾಯಿಲ್, ಕಂಡೆನ್ಸರ್, ನಡುವೆ ಹಲವು ಟ್ಯಾಪ್‌ಗಳು, ಅಂದರೆ ತಂತಿ ಹಚ್ಚುವ ಜಾಗಗಳು, ಇರುವ ಒಂದು ಟ್ರಾನ್ಸ್‌ಫಾರ್ಮರ್. ಪ್ರತಿ ಟ್ವೀಟರ್ ಒಂದೇ ಸಮ ಜೋರಾಗಿರುವುದಿಲ್ಲ. ಅದರ ಜೋರು ನೋಡಿ ಸರಿಯಾದ ಟ್ಯಾಪ್‌ಗೆ ತಂತಿ ಹಚ್ಚುತ್ತಿದ್ದರು. ಒಂದೊಂದು ಡಬ್ಬಿಗೂ ಹೀಗೆ ಹೊಂದಿಸಿ ಕಳಿಸುತ್ತಿದ್ದರು. ಅಪ್ಪ ಆ ಟ್ಯಾಪ್‌ಗಳನ್ನು ತುಂಬಾ ಹೊತ್ತು ನೋಡಿದರು. "ಇದನ್ನ ಮಾಡಿದಾವ ಅವಸರದಾಗ ಇದ್ದಿಲ್ಲ" ಅಂದರು.

ಕಂಡೆನ್ಸರ್ ಎಲ್ಲ ಹೊಸದು ಹಾಕಿಬಿಡೋಣವಾ ಅಂತ ಕೇಳಿದೆ. ಹಳೇ ಸ್ಪೀಕರ್ ಇರುವವರಲ್ಲಿ ಅರ್ಧ ಜನ ಕೊಡುವ ಸಲಹೆ ಅದೇ. ಅಪ್ಪ ಒಪ್ಪಲಿಲ್ಲ. ಮೊದಲು ಅಳೆಯಬೇಕು, ಸರಿ ಇದ್ದದ್ದನ್ನು ಮುಟ್ಟಬಾರದು ಅಂದರು. ನನಗೂ ಈಗ ಅದೇ ಸರಿ ಅನಿಸುತ್ತದೆ. ಹೊಸ ಕಂಡೆನ್ಸರ್ ಹಾಕಿ ದನಿ ಬದಲಾಯಿತು ಅಂತ ಖುಷಿ ಪಡುವವರಿದ್ದಾರೆ. ಬದಲಾಗಿದ್ದು ಒಳ್ಳೇದಕ್ಕೋ ಅಲ್ಲವೋ ನೋಡಬೇಕಲ್ವಾ?

ಮಲ್ಟಿಮೀಟರ್ ಹಿಡಿದು ಟ್ವೀಟರಿನ ಕಾಯಿಲ್ ನೋಡಿದೆವು. ಕಡಿದಿರಲಿಲ್ಲ. ಅಪ್ಪ ಭೂತಕನ್ನಡಿ ಹಿಡಿದು ಬೋರ್ಡಿನ ಒಂದೊಂದು ಬೆಸುಗೆಯನ್ನೂ ನೋಡುತ್ತಾ ಬಂದರು. ಟ್ವೀಟರಿಗೆ ಹೋಗುವ ತಂತಿ ಕೂಡುವಲ್ಲಿ ನಿಂತರು. ಉಳಿದ ಬೆಸುಗೆಗಳು ಹೊಳೆಯುತ್ತಿದ್ದವು. ಇದೊಂದು ಬೂದಿ ಬಣ್ಣಕ್ಕೆ ತಿರುಗಿತ್ತು. ತಂತಿಯ ಸುತ್ತ ಸೂಜಿಯಿಂದ ಗೀಚಿದಷ್ಟು ಸಣ್ಣ ಉಂಗುರದ ಬಿರುಕು. ಪೆನ್ಸಿಲ್ ತುದಿಯಿಂದ ಮುಟ್ಟಿದರೆ ತಂತಿ ಅಲುಗಾಡಿತು.

"ಡ್ರೈ ಸಾಲ್ಡರ್. ನೀ ಹಚ್ಚು, ನನ್ನ ಕೈ ನಡಗತೈತಿ."

ನಾನು ಸಾಲ್ಡರಿಂಗ್ ಐರನ್ ಹಿಡಿದೆ, ಅವರು ನನ್ನ ಮಣಿಕಟ್ಟು ಹಿಡಿದರು. ಹಳೇ ಸೀಸ ಹೀರಿ ತೆಗೆದು, ತಂತಿ ಕೆರೆದು, ಹೊಸದಾಗಿ ಬೆಸೆದೆವು. "ಊದಬ್ಯಾಡ, ತಾನ ಆರಲಿ." ಆರಿತು, ಕನ್ನಡಿಯ ಹಾಗೆ ಹೊಳೆಯಿತು. ಮುಚ್ಚುವ ಮುಂಚೆ ಉಳಿದ ಬೆಸುಗೆಗಳನ್ನೂ ಒಂದೊಂದಾಗಿ ಪೆನ್ಸಿಲ್‌ನಿಂದ ಒತ್ತಿ ನೋಡಿದರು.

ಮತ್ತೆ ಅದೇ ಮುದ್ರಣ ಹಾಕಿದೆ. ತಂಬೂರಿ ಎರಡೂ ಡಬ್ಬಿ ಬಿಟ್ಟು ಹೊರಬಂದು ಗೋಡೆಯುದ್ದಕ್ಕೂ ಹರಡಿತು. ಅದರ ನಡುವೆ ಗಂಗೂಬಾಯಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ದನಿ ತಗ್ಗಿತ್ತು ಅನ್ನುವುದು ಎಲ್ಲರಿಗೂ ಗೊತ್ತು. ಆ ಗಡಸು, ಆ ತೂಕ ಸಾಮಾನ್ಯ ಸಣ್ಣ ಸ್ಪೀಕರ್‌ಗಳಲ್ಲಿ ಒಣಗಿಹೋಗುತ್ತದೆ. ಇದರಲ್ಲಿ ಇಲ್ಲ. ಐದು ಲೀಟರ್‌ನಷ್ಟೇ ಜಾಗ ಇರುವ ಮುಚ್ಚಿದ ಡಬ್ಬಿ, ಐದಿಂಚಿನ ಬಿ110 ಕೋನ್. ಸುಮಾರು 80 ಹರ್ಟ್ಸ್‌ಗಿಂತ ಕೆಳಗೆ ಬೇಗ ಇಳಿದುಹೋಗುತ್ತದೆ. ಆದರೆ ನೂರರಿಂದ ಇನ್ನೂರು ಹರ್ಟ್ಸ್ ನಡುವೆ ಒಂದು ಸಣ್ಣ ಉಬ್ಬು ಇದೆ. ಗಂಗೂಬಾಯಿಯವರ ಕೆಳಗಿನ ಸ್ವರಗಳ ಬುಡ ಅಲ್ಲೇ ಸುಳಿದಾಡುತ್ತದೆ. ಹಾಗಾಗಿ ದನಿಗೆ ಮೈ ಬರುತ್ತದೆ. ಡಗ್ಗಾದ ಗುಮುಕು ಪೂರ್ತಿ ಬರುವುದಿಲ್ಲ, ನಿಜ. ರಾತ್ರಿ ಪಾರ್ಟಿಗೆ ಜೋರಾಗಿ ಹಾಕುವ ಸ್ಪೀಕರೂ ಇದಲ್ಲ. ಇದರ ದಕ್ಷತೆ 82-83 ಡೆಸಿಬೆಲ್ ಅಷ್ಟೇ. ಮನುಷ್ಯರ ದನಿ ಕೇಳುವುದಕ್ಕೆ ಇದಕ್ಕಿಂತ ಹೆಚ್ಚಿನದನ್ನು ನಾನಂತೂ ಕೇಳಿಲ್ಲ.

ಅಪ್ಪ ಕುರ್ಚಿಯನ್ನು ಎರಡು ಡಬ್ಬಿಗೂ ಸಮ ದೂರಕ್ಕೆ ಎಳೆದುಕೊಂಡರು. ಸವಾಯಿ ಗಂಧರ್ವರ ಪುಣ್ಯತಿಥಿಗೆ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಗಂಗೂಬಾಯಿಯವರನ್ನು ಕೇಳಿದ್ದನ್ನು ಹೇಳಿದರು. ಹಿಂದಿನ ಸಾಲಿನಲ್ಲಿ ಜಾಗ ಸಿಕ್ಕಿತ್ತಂತೆ. ಅಲ್ಲಿ ಹಾಡು ಕೇಳಿಸಿದ್ದು ಮೈಕಿನ ಹಾರ್ನ್‌ನಲ್ಲಿ. "ಅಂದು ಹಿಂಗ ಉಸಿರು ಕೇಳಿಸಿರಲಿಲ್ಲ" ಅಂದರು.

ಮಧ್ಯಾಹ್ನ ಸ್ಲೌ ಊರಿನಲ್ಲಿರುವ ಮೈಸೂರಿನ ಗೆಳೆಯ ತನ್ನ ಸ್ಪೆಂಡರ್ ಜೋಡಿ ಹೊತ್ತು ಬಂದ. ಅವನದು 11 ಓಮ್‌ನದು. 1980ರ ದಶಕದ ಕೊನೆಯಲ್ಲಿ ಬಿ110 ಕೋನ್ ಬದಲಾದಾಗ ಕ್ರಾಸ್‌ಓವರನ್ನೂ ಬದಲಿಸಿದ್ದರು, ಆಮೇಲಿನದು. ಎರಡನ್ನೂ ಪಕ್ಕಪಕ್ಕ ಇಟ್ಟು ಸಂಜೆವರೆಗೆ ಕೇಳಿದೆವು. "ನಂದು ಸ್ವಲ್ಪ ಶಿಸ್ತಿನದು ಕಣೋ, ನಿಂದು ಜಾಸ್ತಿ ಬೆಚ್ಚಗಿದೆ" ಅಂದ. ನನಗೂ ಹಾಗೇ ಅನಿಸಿತು. ಅಪ್ಪ ಮಾತ್ರ ಯಾವುದು ಮೇಲು ಅಂತ ಹೇಳಲಿಲ್ಲ. ಗೆಳೆಯನ ಡಬ್ಬಿಗಳ ಹಿಂದಿನ ಸ್ಕ್ರೂಗಳನ್ನೇ ನೋಡುತ್ತಾ, "ಇವನ್ನ ಎಂದಾರ ಬಿಚ್ಚಿ ನೋಡೀರೇನು?" ಅಂತ ಕೇಳಿದರು. ಗೆಳೆಯ ನನ್ನ ಮುಖ ನೋಡಿದ. ನಾನು ಕಂಬಳಿ ತರಲು ಎದ್ದೆ.